ಹೆಸರು ಹೇಳದೆ ಬಸ್ ಹತ್ತಿದ ನೌಕಾಪಡೆಯ ಸಾರ್‌ಗೆ

ಮಂಡ್ಯದ ಕಣ್ಣಿನ ಶಿಬಿರದಲ್ಲಿ ನೋಂದಣಿ ಮೇಜನ್ನೇ ಎತ್ತಿ ಗೇಟಿನ ಹೊರಗಿಡಿಸಿದ ನಿವೃತ್ತ ನೌಕಾಪಡೆಯವರೇ, ನಿಮಗೆ ಧನ್ಯವಾದ.

ಅಮೆರಿಕದ ‘ಮರ್ಸಿ’ಯಂಥ ಆಸ್ಪತ್ರೆ ಹಡಗು ಪರದೇಶದ ಬಂದರಿಗೆ ಹೋದಾಗಲೂ, ಒಳಗೆ ಬಿಡುವ ಮೊದಲೇ ಪರೀಕ್ಷೆ ಮುಗಿಸುವ ಇದೇ ಲೆಕ್ಕ ಎಂದಿರಿ. ಮೊದಲು ತೈಲ ಹಡಗಾಗಿದ್ದ ಅದರಲ್ಲಿ 1,000 ಹಾಸಿಗೆ, 12 ಆಪರೇಷನ್ ಕೊಠಡಿ. ಆದರೆ ತಳ ನೀರಿನೊಳಗೆ ಸುಮಾರು 10 ಮೀಟರ್ ಇಳಿಯುತ್ತದೆ, ಹಾಗಾಗಿ ಎಷ್ಟೋ ಕಡೆ ದಡದಿಂದ ದೂರವೇ ಲಂಗರು. ರೋಗಿಗಳು ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಬರಬೇಕು. ದಡದಲ್ಲೇ ಬಿ.ಪಿ., ಸಕ್ಕರೆ ನೋಡದೆ ಹತ್ತಿಸಿದರೆ ಆಪರೇಷನ್ ಮುಂದಕ್ಕೆ. ದೋಣಿಯೂ ದಂಡ, ಹಾಸಿಗೆಯೂ ದಂಡ. ಇನ್ನು ಹೊರಡುವ ಹಿಂದಿನ ದಿನ ದೊಡ್ಡ ಆಪರೇಷನ್ ಇಟ್ಟುಕೊಂಡರೆ ಹೊಲಿಗೆ ಬಿಚ್ಚುವವರು ಯಾರು? ಊರಿನ ವೈದ್ಯರಿಗೆ ಚೀಟಿ ಬರೆದುಕೊಟ್ಟೇ ಲಂಗರು ಎತ್ತಬೇಕು.

ಇಲ್ಲಿ ಸಮುದ್ರವಿಲ್ಲ, ಅಷ್ಟೇ. ಗೇಟಲ್ಲೇ ಸಕ್ಕರೆ ಪರೀಕ್ಷೆ, ಆಪರೇಷನ್ ಆಗುವ ಕಣ್ಣಿನ ಹುಬ್ಬಿನ ಮೇಲೆ ಮಾರ್ಕರ್ ಗುರುತು, ಕೈಗೆ ದೊಡ್ಡಕ್ಷರದ ಕನ್ನಡ ಚೀಟಿ. ಎರಡು ಬಗೆಯ ಹನಿಗಳ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ ಎಂಬ ಸಾಲು ನಿಮ್ಮದೇ.

ನಿಮ್ಮ ಮಾರ್ಕರ್ ನಮ್ಮ ಮೇಜಿನ ಮೇಲೇ ಇದೆ ಸಾರ್, ಮುಚ್ಚಳ ಸಮೇತ.