ದಮ್ಮಿನ ಪಂಪು (ಇನ್‌ಹೇಲರ್) ಬಳಸುವ ಸದಸ್ಯರ ಗಮನಕ್ಕೆ

ಮಳೆ ಹಿಡಿದು ಗೋಡೆಯಲ್ಲೆಲ್ಲ ಬೂಷ್ಟು, ದಮ್ಮು ಕೆರಳುವ ಕಾಲ. ಬದಿಯಡ್ಕ, ಮುಳ್ಳೇರಿಯ ಕಡೆಯ ದಮ್ಮಿನವರು ಇದನ್ನು ಓದಿ.

ನೀಲಿ ಪಂಪಿನ ಸಾಲ್ಬುಟಮಾಲ್, ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ. ಕೆಲವೇ ನಿಮಿಷದಲ್ಲಿ ಆರಾಮ, 4ರಿಂದ 6 ಗಂಟೆ ಬಾಳಿಕೆ. ಸ್ವಲ್ಪ ಕೈನಡುಕ, ಎದೆ ಡವಡವ ಆ ಮದ್ದಿನ ಗುಣವೇ. ಹೊತ್ತು ಕಳೆದಂತೆ ಇಳಿಯುತ್ತದೆ. ಪದೇಪದೇ ಹೊಡೆದರೆ ಮಾತ್ರ ರಕ್ತದ ಪೊಟ್ಯಾಶಿಯಂ ಕುಸಿಯಬಹುದು.

ಹೆಚ್ಚಿನವರು ತಪ್ಪುವುದು ಒತ್ತುವ ಹೊತ್ತಿನಲ್ಲಿ. ಕುಲುಕಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಹಿಡಿದು, ನಿಧಾನ ಎಳೆಯತೊಡಗಿದ ಕೂಡಲೇ ಒತ್ತಿ. 10 ಸೆಕೆಂಡು ಉಸಿರು ಹಿಡಿಯಿರಿ. ಜೋರಾಗಿ ಎಳೆದರೆ ಮದ್ದು ಗಂಟಲಿಗೇ ಅಂಟುತ್ತದೆ. ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪೊಳ್ಳು ಕೊಳವೆ) ಇದ್ದರೆ ಈ ತಾಪತ್ರಯ ಕಡಿಮೆ, ಮಕ್ಕಳಿಗಂತೂ ಅದು ಬೇಕೇ ಬೇಕು.

ನೀಲಿ ಪಂಪಿನದು ನಾಳದೊಳಗಿನ ಬಾವು ಇಳಿಸುವ ಮದ್ದಲ್ಲ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಬಾವು ಇಳಿಸುವ ಸ್ಟೀರಾಯ್ಡ್ ಪಂಪಿನ ಬಗ್ಗೆ ಡಾಕ್ಟರಲ್ಲಿ ಕೇಳಿ. ಮಾತಾಡಲೂ ಉಸಿರು ಸಾಲದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ.