ಬಾವಿ ತೋಡಿದ ಮರುದಿನ

ಸ್ನೇಹಿತರೇ,

ಹೋದ ತಿಂಗಳ ಸಭೆಯಲ್ಲಿ ಒಂದು ಒಳ್ಳೆಯ ಮಾತು ಹುಟ್ಟಿತು. ಈ ವರ್ಷ ನಮ್ಮ ಸಂಘದಿಂದ ಒಂದು ಹಳ್ಳಿ ಶಾಲೆಗೆ ಬಾವಿ ತೋಡಿಸಿಕೊಡೋಣ ಎಂದು. ಬೇಡ ಎಂದವರು ಒಬ್ಬರೂ ಇರಲಿಲ್ಲ. ಎಷ್ಟು ಹಣ ಬೇಕು, ಎಷ್ಟು ತಿಂಗಳು ಹಿಡಿಯುತ್ತದೆ, ಉದ್ಘಾಟನೆಗೆ ಯಾರು ಹೋಗುತ್ತಾರೆ ಎಂದೆಲ್ಲ ಮಾತಾಯಿತು. ಮನೆಗೆ ಬಂದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬೇರೆ ದಿನ. ಉದ್ಘಾಟನೆಯ ಮರುದಿನ. ಬಂದವರೆಲ್ಲ ಹೊರಟು ಹೋಗಿರುತ್ತಾರೆ. ಮಕ್ಕಳಿಗೆ ಬಾಯಾರಿರುತ್ತದೆ. ಆಗ ಆ ಬಾವಿಯ ಹತ್ತಿರ ಏನೇನು ನಡೆಯುತ್ತದೆ?

ಮೊದಲು ನೀರಿನ ಮಾತು. ತಿಳಿಯಾಗಿದೆ, ಸಿಹಿಯಾಗಿದೆ ಎಂದ ಮಾತ್ರಕ್ಕೆ ಅದು ಕುಡಿಯುವ ನೀರಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಬಾವಿಯ ನೀರೆತ್ತುವ ಒಂದು ಕೈಪಂಪಿತ್ತು. ಅದರ ನೀರು ಜನರಿಗೆ ತುಂಬಾ ಇಷ್ಟ. ಆ ಬೀದಿ ಬಿಟ್ಟು ದೂರ ಹೋಗಿ ನೆಲೆಸಿದ್ದ ಒಬ್ಬ ಹೆಂಗಸು ರುಚಿಗೋಸ್ಕರ ಅದೇ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದಳು. ಆ ವರ್ಷದ ಕಾಲರಾದಲ್ಲಿ ಅವಳೂ ತೀರಿಕೊಂಡಳು. ಯಾರು ಎಲ್ಲಿಯ ನೀರು ಕುಡಿದರು ಎಂದು ಮನೆಮನೆಗೆ ಹೋಗಿ ಕೇಳಿದವರು ಡಾಕ್ಟರ್ ಜಾನ್ ಸ್ನೋ. ಅವರ ಮಾತಿನ ಮೇಲೆ ಪಂಪಿನ ಹಿಡಿಯನ್ನೇ ತೆಗೆಸಿದರು. ಆಮೇಲೆ ಅಗೆದು ನೋಡಿದಾಗ ಪಕ್ಕದ ಮನೆಯ ಶೌಚದ ಗುಂಡಿ ಬಾವಿಯಿಂದ ಮೂರು ಅಡಿಯೂ ದೂರ ಇರಲಿಲ್ಲ. ಗುಂಡಿಯ ಇಟ್ಟಿಗೆ ಸಡಿಲವಾಗಿ ಎಲ್ಲವೂ ಒಳಗೊಳಗೇ ಬಾವಿಯ ಕಡೆಗೆ ಒಸರುತ್ತಿತ್ತು.

ಆದ್ದರಿಂದಲೇ ಬಾವಿಗೂ ಶೌಚಗುಂಡಿಗೂ ಕನಿಷ್ಠ 30 ಮೀಟರ್ ದೂರ ಇರಲಿ ಎನ್ನುತ್ತಾರೆ. ಶಾಲೆಯ ಅಂಗಳ ಚಿಕ್ಕದಾಗಿದ್ದರೆ ಇದು ಸುಲಭವಲ್ಲ. ಹಾಗಂತ ಬಿಡುವ ಹಾಗೂ ಇಲ್ಲ. ಬಾವಿಗೆ ಎತ್ತರದ ಕಟ್ಟೆ ಬೇಕು, ಮುಚ್ಚಳ ಬೇಕು. ಸುತ್ತಲೂ ಇಳಿಜಾರಾದ ಸಿಮೆಂಟಿನ ನೆಲ ಬೇಕು. ಚೆಲ್ಲಿದ ನೀರು ಹರಿದು ದೂರ ಹೋಗಲು ಕಾಲುವೆ ಬೇಕು. ನೆಲದಲ್ಲಿ ಒಂದು ಬಿರುಕು ಬಿಟ್ಟರೂ ಕೊಳಚೆ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಒಂದು ಲೋಟವನ್ನೂ ಕೊಡಬಾರದು. ಬಾಂಗ್ಲಾದೇಶದಲ್ಲಿ ಆದದ್ದು ನಮಗೆ ಪಾಠ. ಕೆರೆಕುಂಟೆಯ ನೀರಿನಿಂದ ಮಕ್ಕಳಿಗೆ ಭೇದಿ ಆಗುತ್ತದೆ ಎಂದು ಅಲ್ಲಿ ಲಕ್ಷಾಂತರ ಕೊಳವೆ ಬಾವಿ ಕೊರೆದರು. ಉದ್ದೇಶ ಒಳ್ಳೆಯದೇ. ಆದರೆ ನೆಲದ ಒಳಗಿನ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಅದು ಗೊತ್ತಾಗಿದ್ದು 1990ರ ದಶಕದಲ್ಲಿ, ಜನ ವರ್ಷಗಟ್ಟಲೆ ಕುಡಿದ ಮೇಲೆ. ನೆಲದ ನೀರಿನಲ್ಲಿ ಬೆರೆತಿರುವ ಫ್ಲೋರೈಡ್ ಎಂಬ ಲವಣವೂ ಹೀಗೆಯೇ. ಬಣ್ಣ ಇಲ್ಲ, ವಾಸನೆ ಇಲ್ಲ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಾಟಿದ ನೀರನ್ನು ಕುಡಿಯುತ್ತಾ ಹೋದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಕಾಣುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆಯೂ ಕೆಡುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್, ಆರ್ಸೆನಿಕ್ ಎರಡೂ ಹೋಗುವುದಿಲ್ಲ. ಇದಕ್ಕೆ ಪ್ರಯೋಗಾಲಯದ ವರದಿಯೇ ಬೇಕು, ಅದೂ ಬಾವಿಗೆ ಪೂರ್ತಿ ಹಣ ಕೊಡುವ ಮೊದಲೇ.

ರೋಗಾಣುವಿನ ಪರೀಕ್ಷೆಯನ್ನು ಮಾತ್ರ ಮಕ್ಕಳೇ ಕಣ್ಣಾರೆ ನೋಡಬಹುದು. 1982ರಲ್ಲಿ ಮಂಜ, ಮೌರ್ಯ, ರಾವ್ ಎಂಬ ಭಾರತದ ವಿಜ್ಞಾನಿಗಳು ಒಂದು ಸರಳ ದಾರಿ ತೋರಿಸಿಕೊಟ್ಟರು. ಔಷಧಿ ಸವರಿದ ಕಾಗದ ಇರುವ ಪುಟ್ಟ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಡುವುದು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದರಲ್ಲಿ ಮಲದ ಅಂಶ ಸೇರಿರಬಹುದು ಎಂದು ಅರ್ಥ. ತಮ್ಮದೇ ಶಾಲೆಯ ನೀರು ಕಪ್ಪಾದದ್ದನ್ನು ನೋಡಿದ ಮಗುವಿಗೆ ಆಮೇಲೆ ಯಾರೂ ಭಾಷಣ ಮಾಡಬೇಕಿಲ್ಲ, ಅಲ್ವಾ?

ಬಾವಿಯೇ ಒಂದು ಲೆಕ್ಕದ ಪಾಠ ಕೂಡ. ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಅದರಲ್ಲಿ ಎಷ್ಟು ನೀರಿದೆ? ಸುಮಾರು 9,400 ಲೀಟರ್. ಅದರ ರೋಗಾಣು ಕೊಲ್ಲಲು ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. ಅಂದರೆ ಇಡೀ ಬಾವಿಗೆ ಬೇಕಾದದ್ದು ಹೆಚ್ಚುಕಡಿಮೆ 24 ಗ್ರಾಂ. ಲೆಕ್ಕ ಮಕ್ಕಳು ಮಾಡಲಿ, ಪುಡಿ ಹಾಕುವ ಕೆಲಸ ದೊಡ್ಡವರದ್ದು. ಅದನ್ನು ನೇರವಾಗಿ ಸುರಿಯುವುದಲ್ಲ. ಬಕೆಟಿನ ನೀರಿನಲ್ಲಿ ಕಲಸಿ, ಪುಡಿಯಲ್ಲಿರುವ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಇಳಿಸಬೇಕು. ಒಂದು ಗಂಟೆ ಬಿಟ್ಟು ನೀರು ಸೇದಬಹುದು. ಡಬ್ಬಿಯ ಬಾಯಿ ತೆರೆದಿಟ್ಟರೆ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಇಷ್ಟು ಗೊತ್ತಿರುವ ಇಬ್ಬರು ಆ ಶಾಲೆಯಲ್ಲಿ ಇರಬೇಕು. ಒಬ್ಬರಿದ್ದರೆ ಸಾಲದು, ಅವರಿಗೆ ವರ್ಗವಾದರೆ ಎಲ್ಲವೂ ನಿಂತುಹೋಗುತ್ತದೆ.

ಇನ್ನು ನೀರು ಮೇಲೆ ಬಂದ ಮೇಲಿನ ಕಥೆ. ನನಗೆ ಜಾಸ್ತಿ ಚಿಂತೆ ಇಲ್ಲಿಯೇ. ಬಾವಿಯಲ್ಲಿ ಶುದ್ಧವಾಗಿದ್ದ ನೀರು ತರಗತಿಯ ಮೂಲೆಯ ಕೊಡಕ್ಕೆ ಬರುವಷ್ಟರಲ್ಲಿ ಕೆಡುತ್ತದೆ. ಸೇದುವ ಹಗ್ಗ ನೆಲದ ಮೇಲೆ ಬಿದ್ದಿರುತ್ತದೆ. ಲೋಟದ ಜೊತೆ ಬೆರಳೂ ಕೊಡದೊಳಗೆ ಮುಳುಗುತ್ತದೆ. ಒಬ್ಬ ಮಗುವಿನ ಕೈಯಲ್ಲಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಇಡೀ ತರಗತಿಯ ಹೊಟ್ಟೆಗೆ ಹೋಗಿರುತ್ತದೆ. ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರವಲ್ಲ. ಮುಚ್ಚಳ ಇರುವ, ಕೆಳಗೆ ನಲ್ಲಿ ಇರುವ ಒಂದು ಪಾತ್ರೆ. ಅದೂ ಇಲ್ಲದಿದ್ದರೆ ಉದ್ದ ಹಿಡಿಯ ಸೌಟು.

ಕೈ ತೊಳೆಯುವುದೂ ಹಾಗೆಯೇ. ಸುಮ್ನೆ ನೀರಿನಲ್ಲಿ ಕೈ ಅದ್ದಿದರೆ ಆಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡಾದರೂ ಉಜ್ಜಬೇಕು. ಶೌಚಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ, ತಪ್ಪದೆ. 2008ರಿಂದ ಅಕ್ಟೋಬರ್ 15ನ್ನು ವಿಶ್ವ ಕೈ ತೊಳೆಯುವ ದಿನ ಎಂದು ಆಚರಿಸುತ್ತಾರೆ. ಒಳ್ಳೆಯದೇ, ಆದರೆ 16ನೇ ತಾರೀಖು ಸೋಪು ಇದೆಯೇ ಎಂದು ನೋಡುವವರು ಬೇಕು. ಸೋಪು ಕಳೆದುಹೋಗುತ್ತದೆ ಎಂದು ಬೀರುವಿನಲ್ಲಿ ಬೀಗ ಹಾಕಿ ಇಡುವುದುಂಟು. ಬೀಗದೊಳಗಿನ ಸೋಪಿನಿಂದ ಯಾವ ಮಗುವಿಗೂ ಉಪಯೋಗವಿಲ್ಲ. ಹಳೆಯ ಸಾಕ್ಸಿಗೆ ಹಾಕಿ ನಲ್ಲಿಯ ಪಕ್ಕ ಕಟ್ಟಬಹುದು. ನೀರಿಗೆ ಸ್ವಲ್ಪ ಸೋಪಿನ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಲ್ಲಿ ಇಡಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಶಾಲೆಯಲ್ಲಿ ಒಂದು ಮಗುವಿಗೆ ದಿನಕ್ಕೆ 5 ಲೀಟರ್ ನೀರು ಬೇಕು, ಫ್ಲಶ್ ಇರುವ ಶೌಚಾಲಯದ ನೀರು ಬಿಟ್ಟು. 200 ಮಕ್ಕಳಿದ್ದರೆ 1,000 ಲೀಟರ್. 15 ಲೀಟರಿನ ಕೊಡವಾದರೆ ಸುಮಾರು 67 ಕೊಡ. ಇದನ್ನು ದಿನವೂ ಸೇದುವವರು ಯಾರು? ಕೇಳದಿದ್ದರೆ ಆ ಕೆಲಸ ದೊಡ್ಡ ತರಗತಿಯ ಹುಡುಗಿಯರ ತಲೆಗೆ ಬರುತ್ತದೆ. ಅವರು ಪಾಠ ಬಿಟ್ಟು ನೀರು ಹೊರಬಾರದು. ಅವರಿಗೆ ನೀರಿನ ಜೊತೆ ಚಿಲಕ ಇರುವ ಬಾಗಿಲೂ ಬೇಕು. ಮುಟ್ಟಿನ ದಿನಗಳಲ್ಲಿ ತೊಳೆದುಕೊಳ್ಳಲು ಮರೆಯಾದ ಜಾಗ ಇಲ್ಲದಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಬಾವಿಯ ಯೋಜನೆಯಲ್ಲಿ ಇದು ಬೇರೆ ವಿಷಯ ಎಂದು ನನಗೆ ಅನಿಸುವುದಿಲ್ಲ.

ಕೈಪಂಪು ಹಾಕುವುದಾದರೆ ಅದನ್ನು ಬಿಚ್ಚಿ ಜೋಡಿಸುವುದು ಸ್ಥಳೀಯರಿಗೆ ಬರಬೇಕು. ಭಾರತದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ಗಟ್ಟಿ. ಆದರೆ ಕೆಳಗಿನ ವಾಷರ್ ಸವೆದರೆ ಪೈಪುಗಳನ್ನೇ ಮೇಲೆತ್ತಬೇಕು. ಆಮೇಲೆ ಬಂದ ಮಾರ್ಕ್ 3ರಲ್ಲಿ ಆ ಕಷ್ಟ ತಪ್ಪಿಸಿದರು. ಇಂಥ ಒಂದು ಸಣ್ಣ ವಾಷರಿಗೋಸ್ಕರವೂ ಪಂಪು ನಿಂತುಬಿಡಬಹುದು.

ಮುಂದಿನ ಸಭೆಗೆ ಬರುವಾಗ ದಯವಿಟ್ಟು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬನ್ನಿ. ಸೇರಿಸಿದ ಹಣವನ್ನೆಲ್ಲ ಅಗೆತಕ್ಕೇ ಖರ್ಚು ಮಾಡುವುದು ಬೇಡ ಎಂಬುದು ನನ್ನ ಬೇಡಿಕೆ. ಒಂದು ಭಾಗವನ್ನು 10 ವರ್ಷಕ್ಕೆಂದು ತೆಗೆದಿಡೋಣ. ಮೊದಲ ಪರೀಕ್ಷೆ, ಪ್ರತಿ ಮಳೆಗಾಲದ ನಂತರದ ಪರೀಕ್ಷೆ, ವಾಷರ್, ಬ್ಲೀಚಿಂಗ್ ಪುಡಿ, ಬಾವಿ ನೋಡಿಕೊಳ್ಳುವವರಿಗೆ ಸಂಬಳ. ಖರ್ಚಿನ ಪಟ್ಟಿಯನ್ನು ಬರೆಯಲು ಕೂತಾಗ ಸೋಪನ್ನು ಮೊದಲ ಸಾಲಿನಲ್ಲಿ ಬರೆಯುತ್ತೇನೆ. ಎರಡನೆಯ ಸಾಲಿನಿಂದ ನೀವು ಹೇಳಿ.