ಮಾಲೆಗೆ ಬಂದ ಏರೋಪ್ಲೇನ್ ಚಿಟ್ಟೆಗಳು

ಮಾಲೆ, ಮಾಲ್ಡೀವ್ಸ್
ಅಕ್ಟೋಬರ್ 24

ತೀರ್ಥರೂಪರಾದ ಅಪ್ಪಾಜಿಯವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಸಕಲೇಶಪುರದ ನಮ್ಮ ಗದ್ದೆಯ ಮೇಲೆ ಮಳೆ ಬಿಟ್ಟ ಸಂಜೆ ಹಿಂಡುಹಿಂಡಾಗಿ ಹಾರಾಡುವ ಹಳದಿ ಏರೋಪ್ಲೇನ್ ಚಿಟ್ಟೆಗಳು ಈ ತಿಂಗಳ ಮೊದಲಿನಿಂದ ಮಾಲೆಯ ಬೀದಿಗಳ ಮೇಲೂ ಹಾರುತ್ತಿವೆ ಎಂಬುದನ್ನು ನಿಮಗೆ ತಿಳಿಸದೆ ಇರಲಾರೆ.

ಇದರಲ್ಲೇನು ವಿಶೇಷವೆಂದು ಅಮ್ಮ ಕೇಳಬಹುದು. ಈ ಕೀಟ ಮೊಟ್ಟೆಯಿಡುವುದು ನಿಂತ ಸಿಹಿನೀರಿನಲ್ಲಿ, ಮರಿ ಬೆಳೆಯುವುದೂ ನೀರಿನೊಳಗೇ. ಇಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಸುರಿದ ಮಳೆ ಹವಳದ ಮರಳಿನಲ್ಲಿ ಇಂಗಿಹೋಗುತ್ತದೆ, ನಲ್ಲಿಯಲ್ಲಿ ಬರುವುದೂ ಉಪ್ಪು ತೆಗೆದ ಸಮುದ್ರದ ನೀರೇ. ಹಾಗಿರುವಾಗ ಪ್ರತಿ ಅಕ್ಟೋಬರಿನಲ್ಲಿ ಇಷ್ಟೊಂದು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಇಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅವರನ್ನು ಕಾಡಿತು. ವರ್ಷಗಟ್ಟಲೆ ದಿನಾಂಕಗಳನ್ನು ಬರೆದಿಟ್ಟು ಅವರು 2009ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಈ ಕೀಟಗಳು 1,000 ಮೀಟರಿಗೂ ಮೇಲೆ ಬೀಸುವ ಈಶಾನ್ಯದ ಗಾಳಿಯನ್ನು ಹಿಡಿದು ಭಾರತದ ಕಡೆಯಿಂದ ಸಮುದ್ರ ದಾಟಿ ಬಂದು, ಇಲ್ಲಿ ಸ್ವಲ್ಪ ಕಾಲ ತಂಗಿ, ಪೂರ್ವ ಆಫ್ರಿಕಾದ ಮಳೆಯನ್ನು ಅರಸಿ ಮುಂದೆ ಹೋಗುತ್ತವೆ. ಹೋಗಿಬರುವ ದಾರಿ 14,000ದಿಂದ 18,000 ಕಿಲೋಮೀಟರ್. ಹೋದದ್ದೇ ಹಿಂದಿರುಗುವುದಿಲ್ಲ, ಒಂದು ಸುತ್ತು ಮುಗಿಯಲು ನಾಲ್ಕು ತಲೆಮಾರು ಬೇಕೆಂದು ಅವರ ಅಂದಾಜು. ವಿಜ್ಞಾನಿಗಳು ಈ ಕೀಟವನ್ನು ಪಾಂಟಾಲಾ ಫ್ಲೇವೆಸೆನ್ಸ್ ಎಂದು ಕರೆಯುತ್ತಾರೆ.

ನಿನ್ನೆ ಒಂದು ನಮ್ಮ ಬಟ್ಟೆ ಒಣಹಾಕುವ ಹಗ್ಗಕ್ಕೆ ಜೋತುಬಿದ್ದಿತ್ತು. ಮುಖ ಹತ್ತಿರ ಒಯ್ದರೂ ಕದಲಲಿಲ್ಲ. ಹೊನ್ನಿನ ಬಣ್ಣದ ಮೈ, ಬೆನ್ನಿನ ತುದಿಯತ್ತ ಕಪ್ಪು ಗುರುತುಗಳು, ಮೇಲರ್ಧ ಕೆಂಪಾದ ಕಣ್ಣುಗಳು. ಹಿಂದಿನ ರೆಕ್ಕೆಗಳು ಬುಡದಲ್ಲಿ ಬಹಳ ಅಗಲ; ಸದಾ ಬಡಿಯುವ ಶ್ರಮವಿಲ್ಲದೆ ಗಾಳಿಯಲ್ಲಿ ತೇಲಿಕೊಂಡು ಬರಲು ಆ ಅಗಲವೇ ಆಸರೆ. ಒಂದು ರೆಕ್ಕೆಯ ಅಂಚು ಹರಿದಿತ್ತು.

ಇದು ನಮ್ಮ ಗದ್ದೆಯದೇ ಎಂದು ನಂಬಲು ಮನಸ್ಸು ಹಂಬಲಿಸಿತು. ಆದರೆ ಮರಿ ಬೆಳೆದ ನೀರಿನ ಗುರುತು ಅದರ ರೆಕ್ಕೆಯಲ್ಲಿ ಉಳಿದಿರುತ್ತದೆ. ರೆಕ್ಕೆಯ ಜಲಜನಕವನ್ನು ಪರೀಕ್ಷಿಸಿದ 2012ರ ಅಧ್ಯಯನವೊಂದು, ಮಾಲ್ಡೀವ್ಸಿಗೆ ಬರುವವು ಉತ್ತರ ಭಾರತ ಮತ್ತು ಅದಕ್ಕೂ ಉತ್ತರದ ಸೀಮೆಗಳಲ್ಲಿ ಹುಟ್ಟಿದವು ಎನ್ನುತ್ತದೆ. ನಮ್ಮ ಘಟ್ಟದ ಮೇಲೆ ಹಾದು ಬಂದಿರಬಹುದೆಂಬ ಆಸೆಯನ್ನು ಮಾತ್ರ ನಾನು ಬಿಟ್ಟಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ದಿನವೂ ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ, ಗದ್ದೆಯ ಮೇಲೆ ಹಿಂಡು ಯಾವ ದಿನ ಕಾಣಿಸಿತು, ಯಾವ ದಿನ ಮರೆಯಾಯಿತು, ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನೂ ಬರೆದಿಡಿ. ನಾನು ಇಲ್ಲಿನ ದಿನಾಂಕಗಳನ್ನು ಬರೆದಿಡುತ್ತಿದ್ದೇನೆ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇತಿ ನಿಮ್ಮ ಪ್ರೀತಿಯ ಮಗಳು